ಮೊದಲಿಗ ಯಾರು? 1950ರಲ್ಲಿ ಎನ್‌ಬಿಎ ಅಂಕಣಕ್ಕೆ ಬಂದ ಕಪ್ಪು ಆಟಗಾರರ ಪ್ರಕರಣ

1950ರ ಅಕ್ಟೋಬರ್ 31. ಅಮೆರಿಕದ ರಾಚೆಸ್ಟರ್‌ನಲ್ಲಿ ಎನ್‌ಬಿಎ, ಅಂದರೆ ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನ, ಒಂದು ಮಾಮೂಲಿ ಪಂದ್ಯ ನಡೆಯಿತು. ಊರಿನ ತಂಡ ರಾಯಲ್ಸ್, ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡವನ್ನು 78–70ರಿಂದ ಸೋಲಿಸಿತು. ಸೋತ ತಂಡದಲ್ಲಿ ಅರ್ಲ್ ಲಾಯ್ಡ್ ಎಂಬ 22 ವರ್ಷದ ಹೊಸಬರಿದ್ದರು. ಆರು ಅಡಿ ಐದು ಇಂಚು ಎತ್ತರ, ಗಟ್ಟಿ ಆಳು. 6 ಪಾಯಿಂಟ್ ಗಳಿಸಿದರು, 10 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡು) ಹಿಡಿದರು. ಎನ್‌ಬಿಎ ರೀಬೌಂಡ್ ಲೆಕ್ಕ ಇಡಲು ಶುರು ಮಾಡಿದ್ದೇ ಆ ಸೀಸನ್‌ನಿಂದ. ಒಂದು ವರ್ಷ ಮೊದಲು ಆಡಿದ್ದರೆ ಆ ಹತ್ತು ರೀಬೌಂಡ್ ಯಾವ ಪುಸ್ತಕದಲ್ಲೂ ಸಿಗುತ್ತಿರಲಿಲ್ಲ.

ಎನ್‌ಬಿಎ ಪಂದ್ಯದಲ್ಲಿ ಕಪ್ಪು ವರ್ಣೀಯ ಆಟಗಾರರೊಬ್ಬರು ಆಡಿದ್ದು ಅದೇ ಮೊದಲು. ಮಾರನೇ ದಿನ, ನವೆಂಬರ್ 1ರಂದು, ಬಾಸ್ಟನ್ ಸೆಲ್ಟಿಕ್ಸ್ ಪರ ಚಕ್ ಕೂಪರ್ ಆಡಿದರು. ನವೆಂಬರ್ 4ರಂದು ನ್ಯೂಯಾರ್ಕ್ ನಿಕ್ಸ್ ಪರ ನ್ಯಾಟ್ ಕ್ಲಿಫ್ಟನ್ ಆಡಿದರು. ಐದು ದಿನದೊಳಗೆ ಮೂವರು. ಲಾಯ್ಡ್ ಮೊದಲಿಗರಾದದ್ದು ಅವರ ತಂಡದ ಪಂದ್ಯ ವೇಳಾಪಟ್ಟಿಯಲ್ಲಿ ಒಂದು ದಿನ ಮೊದಲು ಬಂದಿತ್ತು ಎಂಬ ಕಾರಣಕ್ಕೆ.

ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಅಂತ ನನಗೆ ಅನಿಸಿದ್ದು ಇಲ್ಲೇ. ‘ಮೊದಲ ಆಟಗಾರ’ ಎಂದು ಒಂದೇ ಹೆಸರು ಬರೆದು ಮುಗಿಸಿದರೆ ನಿಜವಾಗಿ ನಡೆದದ್ದು ಕಾಣುವುದೇ ಇಲ್ಲ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆಯ್ಕೆಯಾದವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು, ಅಂಕಣಕ್ಕಿಳಿದವರು ಮತ್ತೊಬ್ಬರು. ಹೆಸರೇ ಉಳಿಯದೆ ಹೋದವರೂ ಇದ್ದಾರೆ.

ಅದಕ್ಕೂ ಹಿಂದೆ ಏನಿತ್ತು

ಕಪ್ಪು ಜನ ಅಲ್ಲಿಯವರೆಗೆ ಬ್ಯಾಸ್ಕೆಟ್‌ಬಾಲ್ ಆಡುತ್ತಿರಲಿಲ್ಲವೇ? ಚೆನ್ನಾಗಿಯೇ ಆಡುತ್ತಿದ್ದರು. ಜೇಮ್ಸ್ ನೈಸ್ಮಿತ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟ ಕಂಡುಹಿಡಿದದ್ದು 1891ರಲ್ಲಿ. ಅದಾಗಿ ಹನ್ನೊಂದೇ ವರ್ಷಕ್ಕೆ, 1902ರಲ್ಲಿ, ಮ್ಯಾಸಚೂಸೆಟ್ಸ್‌ನ ಲೊವೆಲ್‌ನಲ್ಲಿ ಬಕಿ ಲ್ಯೂ ಎಂಬ ಕಪ್ಪು ಹುಡುಗ ಬಿಳಿಯರ ಜೊತೆ ವೃತ್ತಿಪರ ಲೀಗ್‌ನಲ್ಲಿ ಆಡಿದ್ದರು. 1923ರಲ್ಲಿ ಹಾರ್ಲೆಮ್‌ನಲ್ಲಿ ಬಾಬ್ ಡಗ್ಲಸ್ ‘ರೆನ್ಸ್’ ತಂಡ ಕಟ್ಟಿದರು. ಆಟಗಾರರೂ ಕಪ್ಪು ಜನ, ಮಾಲೀಕರೂ ಕಪ್ಪು ಜನ. ಶಿಕಾಗೊದಲ್ಲಿ 1939ರಲ್ಲಿ ನಡೆದ ವಿಶ್ವ ವೃತ್ತಿಪರ ಟೂರ್ನಿಯ ಫೈನಲ್‌ನಲ್ಲಿ ಈ ತಂಡ ಓಶ್‌ಕೋಶ್ ಆಲ್‌ಸ್ಟಾರ್ಸ್ ತಂಡವನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಮರುವರ್ಷ ಅದೇ ಟೂರ್ನಿ ಗೆದ್ದವರು ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್, ಅದೂ ಕಪ್ಪು ಆಟಗಾರರದ್ದೇ ತಂಡ.

1948ರ ಫೆಬ್ರವರಿ ಪಂದ್ಯವನ್ನಂತೂ ಹೇಳಲೇಬೇಕು. ಆಗ ವೃತ್ತಿಪರ ಆಟದ ದೊಡ್ಡ ಹೆಸರು ಜಾರ್ಜ್ ಮೈಕನ್. ಅವರ ಮಿನಿಯಾಪೊಲಿಸ್ ಲೇಕರ್ಸ್ ಎದುರು ಗ್ಲೋಬ್‌ಟ್ರಾಟರ್ಸ್ ಶಿಕಾಗೊ ಸ್ಟೇಡಿಯಂನಲ್ಲಿ ಆಡಿದರು. ನೋಡಲು ಬಂದವರು 17 ಸಾವಿರಕ್ಕೂ ಹೆಚ್ಚು ಜನ. ಕೊನೆಯ ಗಳಿಗೆಯಲ್ಲಿ ಅರ್ಮರ್ ರಾಬಿನ್ಸನ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. 61–59. ಗ್ಲೋಬ್‌ಟ್ರಾಟರ್ಸ್ ಬರೀ ನಗಿಸುವ ತಂಡ ಅಂದುಕೊಂಡಿದ್ದವರಿಗೆ ಅಂದು ಉತ್ತರ ಸಿಕ್ಕಿತು. ಮುಂದಿನ ವರ್ಷ ಮತ್ತೆ ಎದುರಾದಾಗಲೂ ಅವರೇ ಗೆದ್ದರು.

ಎನ್‌ಬಿಎಗೂ ಹಿಂದಿನ ಎನ್‌ಬಿಎಲ್ ಎಂಬ ಲೀಗ್‌ನಲ್ಲಿ ಕಪ್ಪು ಆಟಗಾರರು ಆಗಲೇ ಇದ್ದರು. 1942–43ರಲ್ಲಿ, ಯುದ್ಧದಿಂದ ಆಟಗಾರರ ಕೊರತೆ ಬಂದಾಗ, ಟೊಲೀಡೊ ಮತ್ತು ಶಿಕಾಗೊ ತಂಡಗಳು ಅವರನ್ನು ಸೇರಿಸಿಕೊಂಡಿದ್ದವು. 1946ರಲ್ಲಿ ಡಾಲಿ ಕಿಂಗ್, ಪಾಪ್ ಗೇಟ್ಸ್ ಅಲ್ಲಿ ಆಡಿದರು. 1948–49ರಲ್ಲಿ ಪೂರ್ತಿ ರೆನ್ಸ್ ತಂಡವೇ ಡೇಟನ್ ಊರಿನ ಹೆಸರಿನಲ್ಲಿ ಆ ಲೀಗ್‌ಗೆ ಬಂತು. ಕೋಚ್ ಪಾಪ್ ಗೇಟ್ಸ್. ಆದರೆ 1949ರ ಆಗಸ್ಟ್‌ನಲ್ಲಿ ಎನ್‌ಬಿಎಲ್ ಮತ್ತು ಅದರ ಎದುರಾಳಿ ಲೀಗ್ ಬಿಎಎ ಎರಡೂ ಕೂಡಿ ಎನ್‌ಬಿಎ ಆಯಿತಲ್ಲ, ಆಗ ಹದಿನೇಳು ತಂಡಗಳಿಗೆ ಜಾಗ ಸಿಕ್ಕಿತು. ಡೇಟನ್ ರೆನ್ಸ್‌ಗೆ ಸಿಗಲಿಲ್ಲ.

ಹಾಗಾಗಿ 1949–50ರ ಸೀಸನ್, ಅಂದರೆ ಎನ್‌ಬಿಎ ಎಂಬ ಹೆಸರಿನ ಮೊದಲ ಸೀಸನ್, ಪೂರ್ತಿ ಬಿಳಿಯರದ್ದೇ ಆಗಿತ್ತು. 1950ರ ಕಥೆಯನ್ನು ‘ಬಾಗಿಲು ಮೊದಲ ಸಲ ತೆರೆಯಿತು’ ಎಂದು ಹೇಳುವವರು ಈ ಒಂದು ವಿಷಯ ಗಮನಿಸಬೇಕು. ಅರ್ಧ ತೆರೆದಿದ್ದ ಬಾಗಿಲನ್ನು ಮುಚ್ಚಿ, ಆಮೇಲೆ ಮತ್ತೆ ತೆರೆದರು.

ಇನ್ನೊಬ್ಬರ ಹೆಸರನ್ನೂ ಇಲ್ಲಿ ಹೇಳಬೇಕು. ವಾಟ್ ಮಿಸಾಕಾ. ಜಪಾನಿ ಮೂಲದ ಅಮೆರಿಕನ್, ಎತ್ತರ ಬರೀ ಐದು ಅಡಿ ಏಳು ಇಂಚು. ಯೂಟಾ ವಿಶ್ವವಿದ್ಯಾಲಯದ ಪರ 1944ರಲ್ಲಿ ಎನ್‌ಸಿಎಎ, 1947ರಲ್ಲಿ ಎನ್‌ಐಟಿ ಎಂಬ ಕಾಲೇಜು ಟೂರ್ನಿಗಳ ಪ್ರಶಸ್ತಿ ಗೆದ್ದವರು. ಈ ಎರಡು ಗೆಲುವಿನ ಮಧ್ಯೆ ಸೇನೆಯಲ್ಲಿದ್ದರು. 1947ರಲ್ಲಿ ನಿಕ್ಸ್ ಅವರನ್ನು ಡ್ರಾಫ್ಟ್ ಮಾಡಿತು. ಮೂರು ಪಂದ್ಯ, 7 ಪಾಯಿಂಟ್, ಅಷ್ಟೇ. ತಂಡದಿಂದ ಕೈಬಿಟ್ಟರು. ಬಿಎಎ ದಾಖಲೆಗಳನ್ನು ಎನ್‌ಬಿಎ ತನ್ನದೇ ಎಂದು ಲೆಕ್ಕ ಹಾಕುತ್ತದೆ. ಹಾಗಾಗಿ ಈ ಲೀಗ್‌ನಲ್ಲಿ ಆಡಿದ ಮೊದಲ ಬಿಳಿಯೇತರ ಆಟಗಾರ ಮಿಸಾಕಾ ಅವರೇ. 

ಡ್ರಾಫ್ಟ್ ನಡೆದ ದಿನ

1950ರ ಏಪ್ರಿಲ್ 25ರಂದು ಶಿಕಾಗೊದಲ್ಲಿ ತಂಡಗಳ ಮಾಲೀಕರು ಸೇರಿದ್ದರು. ಎರಡನೇ ಸುತ್ತು ಬಂತು. ಬಾಸ್ಟನ್ ಮಾಲೀಕ ವಾಲ್ಟರ್ ಬ್ರೌನ್ ಡ್ಯೂಕೇನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಕೂಪರ್ ಹೆಸರು ಹೇಳಿದರು. ಅವರು ಕಪ್ಪು ಆಟಗಾರ ಅಲ್ವಾ ಎಂದು ಒಬ್ಬರು ಕೇಳಿದರಂತೆ. ಮೈಮೇಲೆ ಪಟ್ಟೆ ಇರಲಿ, ಚುಕ್ಕೆ ಇರಲಿ, ನನಗೆ ಅದರ ಗೊಡವೆ ಇಲ್ಲ ಅನ್ನುವ ಅರ್ಥದಲ್ಲಿ ಬ್ರೌನ್ ಉತ್ತರ ಕೊಟ್ಟರು ಎಂಬ ಮಾತು ಇಂದಿಗೂ ಪ್ರಚಲಿತ.

ಬ್ರೌನ್ ಧೈರ್ಯವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಆ ಧೈರ್ಯದ ಹಿಂದೆ ಏನಿತ್ತು ಅನ್ನುವುದನ್ನೂ ನೋಡಬೇಕು. ಸೆಲ್ಟಿಕ್ಸ್ ಆ ಸೀಸನ್‌ನಲ್ಲಿ 22 ಪಂದ್ಯ ಗೆದ್ದು 46 ಸೋತಿತ್ತು. ಬ್ರೌನ್ ಕೈಯಿಂದ ಹಣ ಹರಿದು ಹೋಗುತ್ತಲೇ ಇತ್ತು. ಒಳ್ಳೆಯ ಆಟಗಾರರು ಬೇಕಿತ್ತು, ಬೇಗ ಬೇಕಿತ್ತು.

ಉಳಿದ ಮಾಲೀಕರಿಗೆ ಭಯ ಇದ್ದದ್ದು ಇನ್ನೊಂದು ಕಡೆ. ಗ್ಲೋಬ್‌ಟ್ರಾಟರ್ಸ್ ಮಾಲೀಕ ಏಬ್ ಸೇಪರ್‌ಸ್ಟೀನ್ ಎದುರು ಹಾಕಿಕೊಳ್ಳಲು ಯಾರೂ ತಯಾರಿರಲಿಲ್ಲ. ಅಂದಿನ ದಿನಗಳಲ್ಲಿ ಎನ್‌ಬಿಎ ಪಂದ್ಯಕ್ಕೆ ಜನ ಸೇರುವುದೇ ಕಷ್ಟ. ಅದೇ ಸಂಜೆ ಗ್ಲೋಬ್‌ಟ್ರಾಟರ್ಸ್ ಪಂದ್ಯವನ್ನೂ ಜೊತೆಗಿಟ್ಟರೆ ಕ್ರೀಡಾಂಗಣ ತುಂಬುತ್ತಿತ್ತು. ಒಳ್ಳೆಯ ಕಪ್ಪು ಆಟಗಾರರೆಲ್ಲ ತನ್ನ ಬಳಿಯೇ ಬರಬೇಕು ಎಂಬುದು ಸೇಪರ್‌ಸ್ಟೀನ್ ಲೆಕ್ಕಾಚಾರ. ಅವರಿಗೆ ಸಿಟ್ಟು ಬಂದರೆ ಆ ಜೋಡಿ ಪಂದ್ಯಗಳ ಆದಾಯ ಹೋಯಿತು. ಹೀಗೆ ವರ್ಣಭೇದದ ಜೊತೆ ಟಿಕೆಟ್ ಹಣವೂ ಸೇರಿ ಬಾಗಿಲಿಗೆ ಅಗುಳಿ ಹಾಕಿತ್ತು. ಕೂಪರ್ ಆಯ್ಕೆಯಾದ ಮೇಲೆ ಸೇಪರ್‌ಸ್ಟೀನ್ ಸಿಟ್ಟಾಗಿ ಬಾಸ್ಟನ್ ಗಾರ್ಡನ್ ಕ್ರೀಡಾಂಗಣಕ್ಕೆ ತಂಡ ಕಳಿಸುವುದನ್ನೇ ನಿಲ್ಲಿಸಿದರು.

ಅಂದೇ ಒಂಬತ್ತನೇ ಸುತ್ತಿನಲ್ಲಿ ವಾಷಿಂಗ್ಟನ್ ಅರ್ಲ್ ಲಾಯ್ಡ್ ಹೆಸರು ಹೇಳಿತು. ಹತ್ತನೇ ಸುತ್ತಿನಲ್ಲಿ ನಾರ್ತ್ ಕ್ಯಾರೊಲೈನಾ ಕಾಲೇಜಿನ ಹೆರಾಲ್ಡ್ ಹಂಟರ್ ಹೆಸರು ಬಂತು. ಬಾಸ್ಟನ್ ನನ್ನನ್ನು ಆರಿಸದೆ ಇದ್ದಿದ್ದರೆ ಆ ವರ್ಷ ಬೇರೆ ಯಾವ ತಂಡವೂ ಈ ಹೆಜ್ಜೆ ಇಡುತ್ತಿರಲಿಲ್ಲ ಎಂದು ಕೂಪರ್ ಮುಂದೆ ಹೇಳಿದ್ದಾರೆ. ನನಗೂ ಅದು ಸರಿ ಅನಿಸುತ್ತದೆ. ಎರಡನೇ ಸುತ್ತಿನಲ್ಲಿ ಒಬ್ಬರು ಬಾಯಿಬಿಟ್ಟ ಮೇಲಲ್ಲವೇ ಒಂಬತ್ತನೇ ಸುತ್ತಿನಲ್ಲಿ ಇನ್ನೊಬ್ಬರಿಗೆ ಮಾತು ಬಂದದ್ದು!

ಸಹಿಯ ವಿಷಯ

ಒಪ್ಪಂದಕ್ಕೆ ಸಹಿ ಹಾಕಿದ ಮೊದಲಿಗರು ನ್ಯಾಟ್ ಕ್ಲಿಫ್ಟನ್ ಎಂದು ಹೇಳುವುದು ರೂಢಿ. ನಿಕ್ಸ್ ತಂಡದ ನೆಡ್ ಐರಿಷ್‌ಗೆ ಕ್ಲಿಫ್ಟನ್ ಬೇಕೇ ಬೇಕಿತ್ತು. ಆ ವರ್ಷದ ಮೇ ತಿಂಗಳಲ್ಲಿ ಗ್ಲೋಬ್‌ಟ್ರಾಟರ್ಸ್‌ನಿಂದ ಅವರ ಒಪ್ಪಂದವನ್ನು ದುಡ್ಡು ಕೊಟ್ಟು ಕೊಂಡರು. ಆದರೆ ಹೆರಾಲ್ಡ್ ಹಂಟರ್ ಡ್ರಾಫ್ಟ್ ಮುಗಿದ ಕೂಡಲೇ, ಏಪ್ರಿಲ್ ತಿಂಗಳಲ್ಲೇ, ವಾಷಿಂಗ್ಟನ್ ಜೊತೆ ಸಹಿ ಹಾಕಿದ್ದರು. ತರಬೇತಿ ಶಿಬಿರದಲ್ಲಿ ಅವರನ್ನು ಕೈಬಿಟ್ಟರು. ಒಂದೂ ಪಂದ್ಯ ಆಡಲಿಲ್ಲ. ಆಡದವರ ಸಹಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ನನ್ನ ಮಟ್ಟಿಗೆ ಇದು ಈ ಪ್ರಕರಣದ ಅತಿ ನೋವಿನ ಭಾಗ. ಹಂಟರ್ ಸುಮ್ನೆ ಬಂದವರಲ್ಲ. ಜಾನ್ ಮೆಕ್‌ಲೆಂಡನ್ ಎಂಬ ದೊಡ್ಡ ಕೋಚ್ ಕೈಯಲ್ಲಿ ಪಳಗಿದವರು. ಮುಂದೆ ಟೆನೆಸ್ಸೀ ಸ್ಟೇಟ್‌ನಲ್ಲಿ ಅದೇ ಮೆಕ್‌ಲೆಂಡನ್ ಜಾಗಕ್ಕೆ ಕೋಚ್ ಆಗಿ ಬಂದರು. ಆಟದ ಜೊತೆ ಅವರ ನಂಟು ಕಡಿಯಲಿಲ್ಲ, ಲೀಗ್ ಕಥೆಯಲ್ಲಿ ಅವರ ಹೆಸರು ಮಾತ್ರ ಉಳಿಯಲಿಲ್ಲ.

ಮೂವರು, ಮೂರು ದಾರಿ

ಲಾಯ್ಡ್ ಹುಟ್ಟಿದ್ದು ವರ್ಜೀನಿಯಾದ ಅಲೆಗ್ಸಾಂಡ್ರಿಯಾದಲ್ಲಿ, 1928ರಲ್ಲಿ. ಶಾಲೆ ಬೇರೆ, ಕಾಲೇಜು ಬೇರೆ, ಎಲ್ಲವೂ ಕಪ್ಪು ಜನರಿಗೆಂದೇ ಬೇರೆ ಮಾಡಿಟ್ಟದ್ದು. ಓದಿದ್ದು ವೆಸ್ಟ್ ವರ್ಜೀನಿಯಾ ಸ್ಟೇಟ್ ಕಾಲೇಜಿನಲ್ಲಿ. 1947–48ರಲ್ಲಿ ಅವರ ಕಾಲೇಜು ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಕ್ಯಾಪಿಟಲ್ಸ್ ಶಿಬಿರಕ್ಕೆ ಬರುವವರೆಗೆ ಬಿಳಿಯರ ಜೊತೆ ಅವರ ಒಡನಾಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿ ಬಿಲ್ ಶಾರ್ಮನ್ ಎಂಬ ಜೊತೆಗಾರ ಅಭ್ಯಾಸಕ್ಕೆ ಹೋಗುವಾಗ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಲಾಯ್ಡ್ ಇದನ್ನು ಕೊನೆಯವರೆಗೂ ಮರೆಯಲಿಲ್ಲ.

ಫೋರ್ಟ್ ವೇನ್‌ನ ಹೋಟೆಲ್ ಪ್ರಸಂಗವನ್ನು ಲಾಯ್ಡ್ ಆಮೇಲೆ ಹಲವು ಸಲ ಹೇಳಿದ್ದಾರೆ. ರೂಮ್ ಕೊಟ್ಟರು. ಮಲಗಬಹುದು, ಆದರೆ ಊಟದ ಹಾಲ್‌ನಲ್ಲಿ ಕೂತು ತಿನ್ನುವ ಹಾಗಿಲ್ಲ. ಜೊತೆಗಾರರೆಲ್ಲ ಕೆಳಗೆ ಊಟಕ್ಕೆ ಹೋದರು, ಲಾಯ್ಡ್ ರೂಮಿಗೇ ಊಟ ತರಿಸಿಕೊಂಡರು. ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಕೋಚ್ ಬೋನ್ಸ್ ಮೆಕಿನ್ನಿ! ದಕ್ಷಿಣದ ನಾರ್ತ್ ಕ್ಯಾರೊಲೈನಾದಲ್ಲಿ ಬೆಳೆದ ಬಿಳಿಯ. ಹುಡುಗನ ಜೊತೆ ಅದೇ ರೂಮಿನಲ್ಲಿ ಕೂತು ಊಟ ಮಾಡಿದರು. ಹೋಟೆಲ್‌ನವರ ಜೊತೆ ಜಗಳ ಮಾಡಿ ಇಡೀ ತಂಡವನ್ನು ಹೊರಗೆ ಕರೆದುಕೊಂಡು ಹೋಗಬಹುದಿತ್ತಲ್ಲ ಅಂತ ಇಂದು ನಾವು ಕೇಳಬಹುದು. ಕೇಳಬೇಕು ಕೂಡ. ಆದರೂ ಆ ಹೊತ್ತಿಗೆ ತನ್ನ ಊಟ ಬಿಟ್ಟು ಮೇಲೆ ಹತ್ತಿ ಬಂದವರು ಅವರೊಬ್ಬರೇ.

ಲಾಯ್ಡ್ ಆ ವರ್ಷ ಆಡಿದ್ದು ಏಳೇ ಪಂದ್ಯ. ಸೇನೆಯಿಂದ ಕರೆ ಬಂತು, ಹೋದರು. 1951ರ ಜನವರಿಯಲ್ಲಿ ಕ್ಯಾಪಿಟಲ್ಸ್ ತಂಡವೇ ಮುಚ್ಚಿಹೋಯಿತು. ‘ಮೊದಲಿಗ’ ಆದವರಿಗೆ ವಾಪಸ್ ಬಂದಾಗ ಸೇರಲು ತಂಡವೇ ಇರಲಿಲ್ಲ. ಸಿರಕ್ಯೂಸ್ ನ್ಯಾಷನಲ್ಸ್ ಅವರನ್ನು ತೆಗೆದುಕೊಳ್ಳದಿದ್ದರೆ ಅವರ ಲೆಕ್ಕ ಏಳು ಪಂದ್ಯಕ್ಕೇ ನಿಂತುಬಿಡುತ್ತಿತ್ತು.

ಕೂಪರ್ ಪಿಟ್ಸ್‌ಬರ್ಗ್‌ನವರು. ಅವರಿಗೆ ಈ ಅನುಭವ ಕಾಲೇಜಿನಲ್ಲೇ ಆಗಿತ್ತು. 1946ರ ಡಿಸೆಂಬರ್‌ನಲ್ಲಿ ಟೆನೆಸ್ಸೀ ವಿಶ್ವವಿದ್ಯಾಲಯದ ತಂಡ ಪೆನ್ಸಿಲ್ವೇನಿಯಾದ ಮೆಕೀಸ್‌ಪೋರ್ಟ್‌ವರೆಗೂ ಬಂದಿತ್ತು. ಕೂಪರ್ ಆಡುವುದಾದರೆ ನಾವು ಆಡುವುದಿಲ್ಲ ಎಂದಿತು. ಡ್ಯೂಕೇನ್ ಅವರನ್ನು ಬಿಟ್ಟುಕೊಡಲಿಲ್ಲ. ಜನ ಬಂದು ಕೂತಿದ್ದರೂ ಪಂದ್ಯ ರದ್ದಾಯಿತು.

1952ರಲ್ಲಿ ಸೆಲ್ಟಿಕ್ಸ್ ನಾರ್ತ್ ಕ್ಯಾರೊಲೈನಾದ ರಾಲೀಗೆ ಹೋಯಿತು. ಅಲ್ಲಿನ ಹೋಟೆಲ್ ಕೂಪರ್‌ಗೆ ರೂಮ್ ಕೊಡಲಿಲ್ಲ. ಹಾಗಾದರೆ ರಾತ್ರಿ ರೈಲಿಗೇ ಹೊರಡುತ್ತೇನೆ ಅಂದರು ಕೂಪರ್. ನಾನೂ ಬರುತ್ತೇನೆ ಎಂದು ಬಾಬ್ ಕೂಸಿ ಜೊತೆಗೆ ಹೊರಟರು. ಕೂಸಿ ಆಗಲೇ ತಂಡದ ತಾರೆ. ರೈಲು ಬರಲು ತಡ ಇತ್ತು. ನಿಲ್ದಾಣದ ಶೌಚಾಲಯಕ್ಕೆ ಹೋದರೆ ಬಾಗಿಲ ಮೇಲೆ ಬಿಳಿಯರಿಗೆ ಒಂದು ಬೋರ್ಡು, ಕಪ್ಪು ಜನರಿಗೆ ಇನ್ನೊಂದು. ಕೂಸಿಗೆ ಏನು ಹೇಳಬೇಕೋ ತೋಚಲಿಲ್ಲ, ಕಣ್ಣು ತುಂಬಿ ಬಂತು. ಕೊನೆಗೆ ಇಬ್ಬರೂ ಪ್ಲಾಟ್‌ಫಾರ್ಮ್‌ನ ತುದಿಗೆ ನಡೆದು ಹೋಗಿ ಕತ್ತಲಲ್ಲಿ ಅಕ್ಕಪಕ್ಕ ನಿಂತು ಮೂತ್ರ ಮಾಡಿದರು. ಇದನ್ನು ಕೂಸಿ ಅವರೇ ಹೇಳಿಕೊಂಡಿದ್ದಾರೆ. ಓದುವಾಗ ಪ್ರತಿ ಸಲ ನನಗೆ ಕೂಪರ್ ಬಗ್ಗೆಯೇ ಯೋಚನೆ ಬರುತ್ತದೆ. ಕೂಸಿ ಅದನ್ನು ಒಂದು ರಾತ್ರಿ ನೋಡಿದರು. ಕೂಪರ್‌ಗೆ ಅದು ದಿನನಿತ್ಯದ್ದು.

ಕ್ಲಿಫ್ಟನ್ ಮೂವರಲ್ಲಿ ಹಿರಿಯರು. ಸಿಹಿ ಸೋಡಾ ಅಂದರೆ ಪ್ರಾಣ, ಅದಕ್ಕೇ ‘ಸ್ವೀಟ್‌ವಾಟರ್’ ಎಂಬ ಅಡ್ಡಹೆಸರು. ನಿಕ್ಸ್‌ಗೆ ಬಂದಾಗ ವಯಸ್ಸು 28 ಆಗಿತ್ತು. ಅವರಿದ್ದಾಗ ನಿಕ್ಸ್ 1951, 1952, 1953 ಮೂರೂ ವರ್ಷ ಫೈನಲ್ ತಲುಪಿತು, ಮೂರೂ ಸೋತಿತು. 1957ರಲ್ಲಿ 34ನೇ ವಯಸ್ಸಿನಲ್ಲಿ ಆಲ್‌ಸ್ಟಾರ್ ಪಂದ್ಯ ಆಡಿದರು. ಆಟ ಮುಗಿದ ಮೇಲೆ ಶಿಕಾಗೊದಲ್ಲಿ ಟ್ಯಾಕ್ಸಿ ಓಡಿಸಿದರು. 1990ರಲ್ಲಿ ಟ್ಯಾಕ್ಸಿಯಲ್ಲಿದ್ದಾಗಲೇ ತೀರಿಕೊಂಡರು.

ನಾಲ್ಕನೆಯವರು ಹ್ಯಾಂಕ್ ಡಿಜೋನಿ. ಹಳೆಯ ರೆನ್ಸ್ ಆಟಗಾರ. ಅದೇ ಡಿಸೆಂಬರ್‌ನಲ್ಲಿ ಟ್ರೈಸಿಟೀಸ್ ಬ್ಲ್ಯಾಕ್‌ಹಾಕ್ಸ್ ಸೇರಿದರು. ತಂಡದವರ ಜೊತೆ ಇರಲು ಬಿಡದೆ ಬೇರೆ ಕಡೆ ಇಳಿಸುತ್ತಿದ್ದರು. ಐದು ಪಂದ್ಯಕ್ಕೆ ಸಾಕಾಯಿತು, ಬಿಟ್ಟು ಹೋದರು. ಸಹಿಸಿಕೊಂಡವರನ್ನು ನಾವು ಹೊಗಳುತ್ತೇವೆ. ನನಗೆ ಇದು ಬೇಡ ಎಂದು ಎದ್ದು ಹೋದವರನ್ನೂ ಅಷ್ಟೇ ಗೌರವದಿಂದ ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಸಹಿಸಿಕೊಳ್ಳಬೇಕಾದ ಸ್ಥಿತಿ ತಂದವರು ಅವರಲ್ಲವಲ್ಲ.

ಅಂಕಣದ ಒಳಗಿನ ಗೆರೆ

ತಂಡಕ್ಕೆ ಸೇರಿಸಿಕೊಂಡ ಮಾತ್ರಕ್ಕೆ ಸಮನಾಗಿ ಆಡಿಸಿದರು ಎಂದಲ್ಲ. ಈ ಭಾಗ ಜಾಸ್ತಿ ಚರ್ಚೆಗೆ ಬರುವುದಿಲ್ಲ. ಹೋಟೆಲ್ ಕಥೆಗಳು ಕಣ್ಣಿಗೆ ಕಟ್ಟುತ್ತವೆ, ಆಟದೊಳಗಿನ ಅನ್ಯಾಯ ಅಂಕಿಪಟ್ಟಿಯಲ್ಲಿ ಅಡಗಿ ಕೂರುತ್ತದೆ.

ಕೂಪರ್ ಮೊದಲ ಸೀಸನ್‌ನಲ್ಲಿ 66 ಪಂದ್ಯ ಆಡಿ ಸರಾಸರಿ 9.3 ಪಾಯಿಂಟ್, 8.5 ರೀಬೌಂಡ್ ಗಳಿಸಿದರು. ಹೊಸಬರಿಗೆ ಒಳ್ಳೆಯ ಲೆಕ್ಕವೇ. ಆದರೆ ಅವರಿಗೆ ಕೊಟ್ಟ ಕೆಲಸ ಏನು? ಎದುರಾಳಿಯ ಬಲಿಷ್ಠ ಆಟಗಾರನನ್ನು ತಡೆಯುವುದು, ಬುಟ್ಟಿಯ ಕೆಳಗೆ ಗುದ್ದಾಡಿ ಚೆಂಡು ಹಿಡಿಯುವುದು. ಮೈ ಹಣ್ಣಾಗುವ ಕೆಲಸ ನಮಗೆ, ಹೆಸರು ಮತ್ತು ಹೆಚ್ಚಿನ ದುಡ್ಡು ಬಿಳಿಯ ಆಟಗಾರರಿಗೆ ಎಂದು ಕೂಪರ್ ಮುಂದೆ ಬೇಸರದಿಂದ ಹೇಳಿದ್ದಾರೆ. ಲಾಯ್ಡ್ ಹೆಸರು ಮಾಡಿದ್ದೂ ಡಿಫೆನ್ಸ್ ಮತ್ತು ರೀಬೌಂಡ್‌ನಲ್ಲೇ. ಗ್ಲೋಬ್‌ಟ್ರಾಟರ್ಸ್‌ನಲ್ಲಿ ಚೆಂಡನ್ನು ಬೇಕಾದಂತೆ ಆಡಿಸಿ ಜನರ ಮನಗೆದ್ದ ಕ್ಲಿಫ್ಟನ್‌ಗೆ ನಿಕ್ಸ್‌ನಲ್ಲಿ ಆ ಆಟ ತೋರಿಸಲು ಅವಕಾಶ ಸಿಕ್ಕಿದ್ದು ಕಡಿಮೆ.

ಒಂದು ತಂಡದಲ್ಲಿ ಇಷ್ಟೇ ಕಪ್ಪು ಆಟಗಾರರು ಸಾಕು ಎಂಬ ಅಲಿಖಿತ ಮಿತಿಯೂ ಇತ್ತು. 1958ರಲ್ಲಿ ಕೂಡ ಪೂರ್ತಿ ಬಿಳಿಯರೇ ಇದ್ದ ಸೇಂಟ್ ಲೂಯಿಸ್ ಹಾಕ್ಸ್ ಚಾಂಪಿಯನ್ ಆಯಿತು. ಅಂಥ ತಂಡ ಗೆದ್ದದ್ದು ಅದೇ ಕೊನೆ. ಐವರೂ ಕಪ್ಪು ಆಟಗಾರರಾಗಿ ಒಂದು ಪಂದ್ಯ ಶುರುವಾಗಲು 1964ರ ಡಿಸೆಂಬರ್ 26ರವರೆಗೆ ಕಾಯಬೇಕಾಯಿತು. ಅದೂ ಬಾಸ್ಟನ್ ತಂಡವೇ. ಬಿಲ್ ರಸೆಲ್, ಸ್ಯಾಮ್ ಜೋನ್ಸ್, ಕೆ.ಸಿ. ಜೋನ್ಸ್, ಸ್ಯಾಚ್ ಸ್ಯಾಂಡರ್ಸ್, ವಿಲ್ಲಿ ನಾಲ್ಸ್. ಕೂಪರ್ ಹೆಸರು ಕೂಗಿದ ದಿನದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ ದಾಟಿತ್ತು.

ಆಮೇಲೆ

1955ರಲ್ಲಿ ಸಿರಕ್ಯೂಸ್ ಫೈನಲ್‌ಗೆ ಬಂತು. ಎದುರಿಗೆ ಫೋರ್ಟ್ ವೇನ್ ಪಿಸ್ಟನ್ಸ್. ಹೌದು, ಲಾಯ್ಡ್ ರೂಮಿನಲ್ಲಿ ಕೂತು ಉಣ್ಣಬೇಕಾಗಿ ಬಂದ ಅದೇ ಊರಿನ ತಂಡ. ಸರಣಿ ಏಳನೇ ಪಂದ್ಯದವರೆಗೂ ಹೋಯಿತು. 92–91ರಿಂದ ಸಿರಕ್ಯೂಸ್ ಗೆದ್ದಿತು. ಲಾಯ್ಡ್ ಮತ್ತು ಜೊತೆಗಾರ ಜಿಮ್ ಟಕರ್ ಎನ್‌ಬಿಎ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಆಟಗಾರರಾದರು. ಆ ಸೀಸನ್‌ನಲ್ಲಿ ಲಾಯ್ಡ್ ಸರಾಸರಿ 10.2 ಪಾಯಿಂಟ್, 7.7 ರೀಬೌಂಡ್. ನನ್ನ ಕಣ್ಣಿಗೆ ಅಕ್ಟೋಬರ್ 31ಕ್ಕಿಂತ ಇದೇ ದೊಡ್ಡ ಸಾಧನೆ. ಅಂದು ವೇಳಾಪಟ್ಟಿ ಅವರನ್ನು ಮುಂದೆ ತಂದಿತ್ತು. ಇಲ್ಲಿ ಅವರ ಆಟವೇ ತಂದಿತು.

ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರ 1947ರಲ್ಲಿ ಬೇಸ್‌ಬಾಲ್‌ನ ದೊಡ್ಡ ಲೀಗ್‌ನಲ್ಲಿ ವರ್ಣಭೇದದ ಗೆರೆ ಮುರಿದದ್ದಕ್ಕೆ ಲಾಯ್ಡ್ ಸಾಧನೆಯನ್ನು ಹೋಲಿಸುವುದುಂಟು. ಲಾಯ್ಡ್ ಅದನ್ನು ಒಪ್ಪುತ್ತಿರಲಿಲ್ಲ. ರಾಬಿನ್ಸನ್ ಎದುರಿಸಿದ ದ್ವೇಷವನ್ನು ತಾನು ಎದುರಿಸಲಿಲ್ಲ ಅನ್ನುತ್ತಿದ್ದರು. ಕಾಲೇಜುಗಳಲ್ಲಿ ಕಪ್ಪು ಮತ್ತು ಬಿಳಿ ಹುಡುಗರು ಆಗಲೇ ಅಲ್ಲಲ್ಲಿ ಒಟ್ಟಿಗೆ ಆಡುತ್ತಿದ್ದರು, ಜೊತೆಗೆ ಅಂದಿನ ಎನ್‌ಬಿಎ ಬೇಸ್‌ಬಾಲ್‌ನಷ್ಟು ಜನರ ಕಣ್ಣಿಗೆ ಬೀಳುತ್ತಿರಲಿಲ್ಲ. ರಾಬಿನ್ಸನ್ ಒಬ್ಬರೇ ಹೊತ್ತದ್ದನ್ನು ಇಲ್ಲಿ ನಾಲ್ಕೈದು ಜನ ಹಂಚಿಕೊಂಡರು. ಅದಕ್ಕೇ ಇರಬೇಕು, ಇಲ್ಲಿ ಯಾರ ಹೆಸರೂ ರಾಬಿನ್ಸನ್ ಹೆಸರಿನಷ್ಟು ದೊಡ್ಡದಾಗಲಿಲ್ಲ.

ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್ ಲಾಯ್ಡ್‌ಗೆ ಬಂದದ್ದು 2003ರಲ್ಲಿ, ಕ್ಲಿಫ್ಟನ್‌ಗೆ 2014ರಲ್ಲಿ, ಕೂಪರ್‌ಗೆ 2019ರಲ್ಲಿ. ಎಲ್ಲರಿಗಿಂತ ಮೊದಲು ಆಯ್ಕೆಯಾದ ಕೂಪರ್‌ಗೆ ಎಲ್ಲರಿಗಿಂತ ಕೊನೆಗೆ. ಅವರು 1984ರಲ್ಲೇ ತೀರಿಕೊಂಡಿದ್ದರು. ಆಟ ಬಿಟ್ಟ ಮೇಲೆ ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಪಿಟ್ಸ್‌ಬರ್ಗ್ ನಗರದ ಉದ್ಯಾನ ಮತ್ತು ಮನರಂಜನೆ ಇಲಾಖೆಯ ನಿರ್ದೇಶಕರೂ ಆಗಿದ್ದರು. ಬದುಕಿದ್ದಾಗ ಸಿಗಬೇಕಾದ ಗೌರವ ಇದು. ಮೂವತ್ತೈದು ವರ್ಷ ತಡವಾದದ್ದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಲಾಯ್ಡ್ 1960ರಲ್ಲಿ ಆಟ ನಿಲ್ಲಿಸಿದರು, ಒಟ್ಟು 560 ಪಂದ್ಯ. ಕೊನೆಯ ಎರಡು ವರ್ಷ ಆಡಿದ್ದು ಡೆಟ್ರಾಯಿಟ್ ಪಿಸ್ಟನ್ಸ್‌ಗೆ. ಅದೇ ತಂಡಕ್ಕೆ 1968ರಲ್ಲಿ ಸಹಾಯಕ ಕೋಚ್ ಆದರು. ಎನ್‌ಬಿಎಯಲ್ಲಿ ಆ ಹುದ್ದೆಗೆ ಬಂದ ಮೊದಲ ಕಪ್ಪು ವರ್ಣೀಯ ಅವರೇ. 1971ರಲ್ಲಿ ಮುಖ್ಯ ಕೋಚ್ ಆದರು. ತಂಡ ಚೆನ್ನಾಗಿ ಆಡಲಿಲ್ಲ. 22 ಗೆಲುವು, 55 ಸೋಲು. ಎರಡನೇ ಸೀಸನ್ ಶುರುವಾಗಿ ಏಳು ಪಂದ್ಯಕ್ಕೆ ಕೆಲಸದಿಂದ ತೆಗೆದರು. ಆ ಜಾಗಕ್ಕೆ ಬಂದದ್ದು ಅವರ ಸಹಾಯಕರಾಗಿದ್ದ ರೇ ಸ್ಕಾಟ್. 1974ರಲ್ಲಿ ಸ್ಕಾಟ್ ಎನ್‌ಬಿಎ ವರ್ಷದ ಕೋಚ್ ಪ್ರಶಸ್ತಿ ಪಡೆದರು. ಕಪ್ಪು ವರ್ಣೀಯರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.